ಒಳಕ್ಕೆ ಜಾರಿದ ಕೊರಳೆಲುಬು

ನಾನು ಬಸ್ ಕಂಡಕ್ಟರ್. ಬಳ್ಳಾರಿಯಿಂದ ಕುರುಗೋಡು, ಬಾದನಹಟ್ಟಿ, ತೆಕ್ಕಲಕೋಟೆ ಮೇಲೆ ಸಿರುಗುಪ್ಪಕ್ಕೆ ಹೋಗಿಬರುವ ಬಸ್ಸಿನಲ್ಲಿ ಹನ್ನೊಂದು ವರ್ಷದಿಂದ ಟಿಕೆಟ್ ಕೊಡುತ್ತಿದ್ದೇನೆ. ಮನೆ ಕುರುಗೋಡಿನಲ್ಲಿ. ಯಜಮಾನರದು ಪಂಪ್‌ಸೆಟ್ಟಿನ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಮನೆಯಲ್ಲಿ ಮೂರನೆಯವರು ನಮ್ಮತ್ತೆ. ಆದೋನಿ ಕಡೆಯಿಂದ ಮದುವೆಯಾಗಿ ಬಂದು ನಲವತ್ತು ವರ್ಷ ದಾಟಿದರೂ ಸಿಟ್ಟು ಬಂದಾಗ, ಹೆದರಿದಾಗ ಅವರ ಬಾಯಲ್ಲಿ ತೆಲುಗೇ ಬರುತ್ತದೆ. ನನ್ನನ್ನು ಇವತ್ತಿಗೂ ಅಮ್ಮಾಯಿ, ಅಂದರೆ ಹುಡುಗಿ, ಅಂತಲೇ ಕರೆಯುತ್ತಾರೆ.

ಬಸ್ಸಿನಲ್ಲಿ ನನ್ನ ಜೊತೆಗಾರರು ಒಬ್ಬ ಹಿರಿಯ ಡ್ರೈವರ್. ಏಳು ವರ್ಷದಿಂದ ನಮ್ಮದು ಒಂದೇ ಜೋಡಿ. ನಾನು ಅವರಿಗೆ ಅಣ್ಣ ಅನ್ನುತ್ತೇನೆ, ಅವರು ನನಗೆ ತಂಗಿ ಅನ್ನುತ್ತಾರೆ. ಮಾತು ಕಮ್ಮಿ. ಸಿರುಗುಪ್ಪದ ಸ್ಟ್ಯಾಂಡಿನಲ್ಲಿ ಚಾ ಕುಡಿಯುವಾಗಲೂ ಕಣ್ಣು ಬಸ್ಸಿನ ಟೈರಿನ ಮೇಲೆ ಇರುತ್ತದೆ.

ನಾನು ಬಿದ್ದದ್ದು ಭತ್ತದ ಕೊಯ್ಲಿನ ದಿನಗಳಲ್ಲಿ, ಬೆಳಗಿನ ಎರಡನೇ ಟ್ರಿಪ್ಪಿನಲ್ಲಿ. ಬಸ್ಸು ಬಾದನಹಟ್ಟಿ ದಾಟಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಹೆಣ್ಣುಮಕ್ಕಳಿಗೆ ದುಡ್ಡಿಲ್ಲದ ಸೊನ್ನೆ ಟಿಕೆಟ್ ಬಂದ ಮೇಲೆ ಆ ಹೊತ್ತಿನ ಬಸ್ಸು ಯಾವಾಗಲೂ ಹಾಗೇ. ನಾನು ಸೀಟುಗಳ ನಡುವೆ ಅಡ್ಡಡ್ಡ ನಿಂತು, ಒಂದು ಕೈಯಲ್ಲಿ ಟಿಕೆಟ್ ಮಷೀನು, ಇನ್ನೊಂದು ಕೈಯಲ್ಲಿ ಚಿಲ್ಲರೆ ಹಿಡಿದಿದ್ದೆ. ಯಾವ ಕಂಬಿಯನ್ನೂ ಹಿಡಿದಿರಲಿಲ್ಲ. ಹಿಡಿಯುವ ರೂಢಿ ಯಾವತ್ತೋ ತಪ್ಪಿಹೋಗಿತ್ತು. ಅಷ್ಟರಲ್ಲಿ ಭತ್ತ ಕೊಯ್ಯುವ ದೊಡ್ಡ ಮಷೀನೊಂದು ಗದ್ದೆಯಿಂದ ಸೀದಾ ರೋಡಿಗೆ ಏರಿತು. ಅಣ್ಣ ಬ್ರೇಕ್ ಒತ್ತಿದರು.

ನಾನು ಎಡ ಮಗ್ಗುಲಾಗಿ ನೆಲಕ್ಕೆ ಬಿದ್ದೆ. ಬಿದ್ದದ್ದಷ್ಟೇ ಆಗಿದ್ದರೆ ಸೀರೆ ಕೊಡವಿಕೊಂಡು ಏಳುತ್ತಿದ್ದೆ. ನನ್ನ ಹಿಂದೆ ನಿಂತಿದ್ದ ದಪ್ಪನೆಯ ಮನುಷ್ಯರೊಬ್ಬರು ಹೆಗಲ ಮೇಲಿನ ಮೆಣಸಿನಕಾಯಿ ಚೀಲದ ಸಮೇತ ನನ್ನ ಮೇಲೇ ಬಿದ್ದರು. ಅವರ ಭಾರವೆಲ್ಲ ನನ್ನ ಬಲಭುಜದ ಹಿಂಭಾಗಕ್ಕೆ ಬಿತ್ತು. ಎಡಭುಜ ನೆಲಕ್ಕೆ ಒತ್ತಿಕೊಂಡಿತ್ತು, ಬಲಭುಜ ಮುಂದಕ್ಕೆ ಮಡಚಿಕೊಂಡಿತು. ಒಳಗೆ ಎಲ್ಲೋ ಟಕ್ ಅಂದಂತಾಯಿತು. ಪಾಪ, ಆ ಮನುಷ್ಯ ಎದ್ದು ಕೈಮುಗಿದರು. "ತಪ್ಪಾತಮ್ಮ, ಕಾಲು ನಿಲ್ಲಲಿಲ್ಲ," ಅಂದರು. ನಾನು, "ಇರ್ಲಿ ಬಿಡ್ರಿ, ಎಲ್ಲಾರೂ ಬಿದ್ದೀವಿ," ಅಂದೆ. ಮಿಕ್ಕ ಟಿಕೆಟ್ಟುಗಳನ್ನು ಎಡಗೈಯಲ್ಲೇ ಹರಿದುಕೊಟ್ಟು ಸಿರುಗುಪ್ಪ ಮುಟ್ಟಿಸಿದೆ.

ಬಸ್ಸಿಳಿಯುವ ಹೊತ್ತಿಗೆ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿಯದೆ ನಡೆಯಲು ಆಗುತ್ತಿರಲಿಲ್ಲ. ಕುತ್ತಿಗೆ ತಾನಾಗಿಯೇ ಬಲಕ್ಕೆ ವಾಲಿತ್ತು. ಅಣ್ಣ ಅಲ್ಲೇ ಹತ್ತಿರದ ಒಂದು ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ಚಿಕ್ಕ ವಯಸ್ಸಿನವರು.

"ಪೆಟ್ಟು ಎಲ್ಲಿ ಬಿತ್ತು?" ಅಂದರು.

"ಭುಜಕ್ಕ," ಅಂದೆ.

ಪೆಟ್ಟು ಬಿದ್ದದ್ದು ಭುಜಕ್ಕೆ, ಸುಳ್ಳಲ್ಲ. ಆದರೆ ನೋವು ಇದ್ದದ್ದು ಭುಜದಲ್ಲಲ್ಲ, ಕೊರಳಿನ ಬುಡದಲ್ಲಿ, ತಾಳಿಯ ಸರ ಹಾದು ಇಳಿಯುವ ಜಾಗದ ಪಕ್ಕಕ್ಕೆ. ಅದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಷ್ಟು ಜನ ಸರತಿಯಲ್ಲಿ ಕೂತಿರುವಾಗ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು ಅನ್ನಿಸಿತ್ತು. ಭುಜದ ಎಕ್ಸ್‌ರೇ ತೆಗೆದರು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಎಲ್ಲೂ ಮುರಿದಿಲ್ಲ, ಭುಜದ ಕೀಲು ಜಾಗದಾಗೇ ಐತಿ. ಒಳಪೆಟ್ಟು ಅಷ್ಟೇ. ಒಂದು ವಾರ ಕೈ ಆಡಿಸಬ್ಯಾಡ್ರಿ," ಅಂದರು. ಕೊರಳಿಗೆ ಕೈಜೋಳಿಗೆ ಹಾಕಿ, ನೋವಿನ ಗುಳಿಗೆ ಬರೆದುಕೊಟ್ಟರು. ಕಡಿಮೆ ಆಗದಿದ್ದರೆ ಮತ್ತೆ ಬರಬೇಕು ಅಂತಲೂ ಹೇಳಿದರು. ಆ ಎಕ್ಸ್‌ರೇಯಲ್ಲಿ ತಪ್ಪೇನೂ ಇರಲಿಲ್ಲ ಅಂತ ನನಗೆ ಆಮೇಲೆ ತಿಳಿಯಿತು. ಅದು ನೋಡಬೇಕಾದ ಜಾಗವನ್ನು ನೋಡಿರಲಿಲ್ಲ, ಅಷ್ಟೇ.

ಮನೆಗೆ ಬಂದ ಮೇಲೆ ಅಂಗಾತ ಮಲಗಲು ಆಗಲಿಲ್ಲ. ಮಲಗಿದರೆ ಎದೆಯ ಮೇಲೆ ಯಾರೋ ಹೆಬ್ಬೆರಳು ಊರಿದ ಹಾಗೆ. ದಿಂಬುಗಳನ್ನು ಗೋಡೆಗೆ ಒತ್ತಿ ಕೂತೇ ನಿದ್ದೆ ಮಾಡಿದೆ. ಮರುದಿನ ಬೆಳಿಗ್ಗೆ ಅತ್ತೆ ಜೋಳದ ರೊಟ್ಟಿ, ಪುಂಡಿಪಲ್ಯ ತಂದಿಟ್ಟರು. ಎರಡನೇ ತುತ್ತಿಗೇ ರೊಟ್ಟಿ ಗಂಟಲಲ್ಲಿ ನಿಂತಿತು. ನೀರು ಕುಡಿದೆ, ಅದೂ ನಿಂತು ನಿಂತು ಇಳಿಯಿತು. "ಸಾಕತ್ತಿ," ಅಂದಾಗ ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ತೂತು ಬಿದ್ದ ಪೀಪಿಯಂತೆ ಬರೀ ಗಾಳಿ.

"ಗಂಟಲು ಕಟ್ಟೈತಿ ಅಮ್ಮಾಯಿ. ಬಸ್ಸಿನ ಧೂಳು," ಅಂದ ಅತ್ತೆ ಶುಂಠಿ ಕಷಾಯ ಮಾಡಿದರು.

ಯಜಮಾನರು, "ಭುಜಕ್ಕ ಪೆಟ್ಟು ಬಿದ್ರ ಗಂಟಲು ಯಾಕ ಹೋಗ್ತೈತಿ?" ಅಂದರು. ಮೂವರಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. ಮೋಟರು ರಿಪೇರಿ ಮಾಡುವವರಿಗೆ ಒಂದು ಕಡೆ ಸದ್ದು ಬಂದರೆ ಇನ್ನೊಂದು ಕಡೆ ನೋಡುವ ಅಭ್ಯಾಸವಿರುತ್ತದೆ.

ಸಂಜೆ ಡ್ಯೂಟಿ ಮುಗಿಸಿ ಅಣ್ಣ ಬಂದರು. ಒಂದು ಚಿಪ್ಪು ಬಾಳೆಹಣ್ಣನ್ನು ಕಟ್ಟೆಯ ಮೇಲಿಟ್ಟು, ಒಳಗೆ ಬನ್ನಿ ಅಂದರೂ ಬಾರದೆ ಹೊಸ್ತಿಲ ಹೊರಗೇ ಕೂತರು. ನನ್ನ ಧ್ವನಿ ಕೇಳಿದ್ದೇ ಅವರ ಮುಖ ಇಳಿಯಿತು.

"ಬ್ರೇಕು ಅಷ್ಟು ಜೋರು ಒತ್ತಬಾರದಾಗಿತ್ತು ತಂಗಿ."

"ಒತ್ತಲಿಲ್ಲಂದ್ರ ಇಡೀ ಬಸ್ಸೇ ದವಾಖಾನ್ಯಾಗ ಇರ್ತಿತ್ತಣ್ಣ," ಅಂದೆ, ಬಂದಷ್ಟು ಧ್ವನಿಯಲ್ಲಿ.

ಅವರು ಅತ್ತೆಯ ಕಡೆ ತಿರುಗಿ, ತೆಕ್ಕಲಕೋಟೆಯಲ್ಲಿ ಎಲುಬು ಕಟ್ಟುವ ಒಬ್ಬ ಅಮ್ಮ ಇದ್ದಾರೆ, ತಮ್ಮ ಅಳಿಯನ ಮೊಣಕೈಯನ್ನು ಅವರೇ ಕೂಡಿಸಿದ್ದು ಅಂದರು. ಅತ್ತೆಗೆ ಅಷ್ಟು ಸಾಕಾಗಿತ್ತು. ನನಗೆ ಮನಸ್ಸಿರಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದ ಮೇಲೆ ಎಣ್ಣೆ ಹಚ್ಚಿ ಎಳೆಸಿಕೊಂಡು ಯಾಕೆ ನೋಯಬೇಕು ಅನ್ನಿಸಿತು. ಆದರೆ ವಾದ ಮಾಡಲು ಧ್ವನಿ ಇರಲಿಲ್ಲ. ಮದುವೆಯಾದ ಹನ್ನೊಂದು ವರ್ಷದಲ್ಲಿ ನಮ್ಮತ್ತೆ ನನ್ನ ಮೇಲೆ ಗೆದ್ದ ಮೊದಲ ಜಗಳ ಅದು ಅಂತ ಯಜಮಾನರು ಈಗಲೂ ನಗುತ್ತಾರೆ.

ಮರುದಿನ ಬೆಳಿಗ್ಗೆ ಅಣ್ಣ ರಜೆ ಹಾಕಿ ತಮ್ಮ ಭಾವಮೈದುನನ ಕಾರು ತಂದರು. ಯಜಮಾನರು ಅಂಗಡಿ ಬಾಗಿಲು ಹಾಕಿ ಬಂದರು, ಅತ್ತೆಯೂ ಹೊರಟರು. ದಾರಿಯಲ್ಲಿ ಗುಂಡಿ ಸಿಕ್ಕಾಗಲೆಲ್ಲ ಅಣ್ಣ ಕಾರನ್ನು ತೊಟ್ಟಿಲು ತೂಗಿದ ಹಾಗೆ ಇಳಿಸಿ ಹತ್ತಿಸಿದರು.

ಆ ಅಮ್ಮನಿಗೆ ಎಪ್ಪತ್ತರ ಮೇಲಿರಬೇಕು. ತೆಳ್ಳಗಿನ ಮೈ, ಹಸಿರು ಬಳೆ, ತಲೆಯ ಮೇಲೆ ಸೆರಗು. ಪಡಸಾಲೆಯ ಗೂಡಿನಲ್ಲಿ ಬಿದಿರಿನ ದಬ್ಬೆಗಳು, ಬಟ್ಟೆಯ ಸುರುಳಿಗಳು, ಕೊಬ್ಬರಿಎಣ್ಣೆಯ ಗಿಂಡಿ. ಮುಸ್ಲಿಮರ ಮನೆ, ಮಾತು ಉರ್ದು ಇರಬಹುದು ಅಂದುಕೊಂಡಿದ್ದೆ. ನಮ್ಮ ಕುರುಗೋಡಿನ ಕನ್ನಡವನ್ನೇ ನಮಗಿಂತ ಚೆನ್ನಾಗಿ ಆಡಿದರು. ಗಂಡಸರನ್ನು ಹೊರಗೆ ಕೂರಿಸಿ ಬಾಗಿಲು ಮುಂದೆ ಮಾಡಿದರು. ನನ್ನನ್ನು ಕಿಟಕಿಯ ಬೆಳಕಿಗೆ ಎದುರಾಗಿ ಸ್ಟೂಲಿನ ಮೇಲೆ ಕೂರಿಸಿ, ಕುಪ್ಪಸದ ಮೇಲಿನ ಎರಡು ಹುಕ್ಕು ಬಿಚ್ಚಲು ಹೇಳಿದರು. ಕೂಡಲೇ ಮುಟ್ಟಲಿಲ್ಲ. ಎದುರಿಗೆ ಕೂತು ಸುಮ್ಮನೆ ನೋಡಿದರು, ಎಡ ಒಮ್ಮೆ, ಬಲ ಒಮ್ಮೆ.

"ನೋವು ಬಲಕ್ಕ ಐತಿ ಅಮ್ಮ," ಅಂದರು ಅತ್ತೆ, ಅವರು ಎಡಗಡೆ ಕೈ ಇಟ್ಟಾಗ.

"ಗೊತ್ತಾತು. ಮೊದಲು ನೆಟ್ಟಗಿದ್ದದ್ದು ಹೆಂಗೈತಿ ನೋಡಬೇಕು. ಆಮ್ಯಾಲ ಕೆಟ್ಟದ್ದು."

ಎಡಭುಜದ ತುದಿಯಿಂದ ಕೊರಳೆಲುಬಿನ ಮೇಲೆ ಎರಡು ಬೆರಳು ಮೆಲ್ಲಗೆ ನಡೆದು ಬಂದವು. ಕೊರಳೆಲುಬು ಅಂದರೆ ಭುಜದಿಂದ ಎದೆಯ ನಡುವಿನವರೆಗೆ ಅಡ್ಡಕ್ಕೆ ಇರುತ್ತದಲ್ಲ, ದವಾಖಾನೆಯವರು ಕಾಲರ್ ಬೋನ್ ಅನ್ನುವ ಎಲುಬು. ಎದೆಯ ಹತ್ತಿರ ಅದರ ತುದಿ ಒಂದು ಸಣ್ಣ ಗಂಟಿನ ಹಾಗೆ ಉಬ್ಬಿತ್ತು. ಆ ಉಬ್ಬಿನ ಮೇಲೆ ಬೆರಳು ನಿಂತಿತು. ಆಮೇಲೆ ಬಲಕ್ಕೆ ಬಂದರು. ಅದೇ ನಡಿಗೆ, ಭುಜದ ತುದಿಯಿಂದ ಒಳಕ್ಕೆ. ಅರ್ಧ ದಾರಿವರೆಗೆ ಎಲುಬು ಸಿಕ್ಕಿತು, ಆಮೇಲೆ ಇಳಿಯುತ್ತ ಹೋಯಿತು. ಉಬ್ಬಿರಬೇಕಾದಲ್ಲಿ ಬೆರಳು ಒಂದು ಕುಣಿಯಲ್ಲಿ ಇಳಿದ ಹಾಗಾಯಿತು. ನಾನು ಚೀರಿದೆ. ಅಮ್ಮ ಬಿಸಿ ಹಂಚು ಮುಟ್ಟಿದವರಂತೆ ಕೈ ಹಿಂತೆಗೆದರು.

ಒಂದು ಲೋಟ ನೀರು ತಂದು, "ಕುಡಿಯವ್ವ," ಅಂದರು. ನಾನು ಕುಡಿಯುವಾಗ ನನ್ನ ಗಂಟಲನ್ನೇ ನೋಡಿದರು.

"ಧ್ವನಿ ಯಾವಾಗಿಂದ ಹಿಂಗ?"

"ನಿನ್ನಿಯಿಂದ."

"ಮಲಗಾಕ ಆಗ್ತೈತಿ?"

"ಇಲ್ಲಮ್ಮ."

ಅವರು ಎದ್ದು ಬಾಗಿಲು ತೆರೆದು ಹೊರಗಿದ್ದ ಇಬ್ಬರನ್ನೂ ಒಳಗೆ ಕರೆದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಇದರ ಮ್ಯಾಲ ನಾ ಕೈ ಹಚ್ಚಂಗಿಲ್ಲ. ಎದಿ ಕಡಿ ತುದಿಯ ಕೀಲು ತಪ್ಪೈತಿ. ಮುಂದಕ್ಕ ಬಂದಿದ್ರ ಮಾತು ಬ್ಯಾರೆ. ಇದು ಒಳಕ್ಕ ಹೋಗೈತಿ. ಅದರ ಹಿಂದ ಉಸಿರಿನ ಕೊಳವಿ ಐತಿ, ರಕ್ತದ ದೊಡ್ಡ ನರ ಐತಿ. ಈಗಿಂದೀಗ ಬಳ್ಳಾರಿಗೆ ಕರಕೊಂಡು ಹೋಗ್ರಿ. ದೊಡ್ಡ ದವಾಖಾನಿಗೆ."

ಅತ್ತೆ ಬಿಡಲಿಲ್ಲ. "ಒಂದು ಪಟ್ಟಿಯಾದ್ರೂ ಕಟ್ಟಿ ಕೊಡ್ರಮ್ಮ, ಅಷ್ಟು ದೂರ ಹೋಗೋಮಟ."

"ಪಟ್ಟಿ ಕಟ್ಟಿದ್ರ ಒಳಗ ಒತ್ತತೈತಿ ತಾಯಿ. ಅದು ಹೆಂಗೈತೋ ಹಂಗ ಹೋಗ್ಲಿ." ಆಮೇಲೆ ನನ್ನ ಎಡಗೈಯ ತೋರುಬೆರಳನ್ನು ಹಿಡಿದು, ಬಲಗಡೆಯ ಆ ಕುಣಿಯ ಅಂಚಿಗೆ ಮೆಲ್ಲಗೆ ತಾಗಿಸಿದರು. "ಅಲ್ಲಿ ಹೋಗಿ ಭುಜ ಅನಬ್ಯಾಡ. ಬೆರಳು ಇಲ್ಲಿಟ್ಟು ತೋರಿಸು. ನುಂಗಾಕ ಆಗವಲ್ದು, ಧ್ವನಿ ಹೋಗೈತಿ ಅಂತ ಮೊದಲು ಹೇಳು. ಉಳಿದದ್ದೆಲ್ಲ ಆಮ್ಯಾಲ."

ತೆಕ್ಕಲಕೋಟೆಯಿಂದ ಬಳ್ಳಾರಿವರೆಗೆ ಆ ಬೆರಳನ್ನು ನಾನು ಅಲ್ಲಿಂದ ತೆಗೆಯಲೇ ಇಲ್ಲ. ಅತ್ತೆ ಕಾರಿನಲ್ಲಿ ತೆಲುಗಿನಲ್ಲಿ ದೇವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಬಂದರು.

ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರು ಹೆಣ್ಣುಮಗಳು, ನನ್ನದೇ ವಯಸ್ಸು. ಅಮ್ಮ ಹೇಳಿಕೊಟ್ಟ ಹಾಗೇ ನಾನು ಮಾಡಿದೆ. ಬೆರಳಿಟ್ಟೆ, ನುಂಗಲು ಆಗುತ್ತಿಲ್ಲ ಅಂದೆ. ಆಕೆ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಎದ್ದು ಬಂದು ನನ್ನ ಎದುರಿಗೆ ನಿಂತು, ತೆಕ್ಕಲಕೋಟೆಯ ಅಮ್ಮ ಮಾಡಿದಂತೆಯೇ ಎಡಬಲ ನೋಡಿದರು. ಎಡದಿಂದಲೇ ಶುರುಮಾಡಿ ಎರಡು ಬೆರಳು ನಡೆಸಿಕೊಂಡು ಬಂದರು. ನನಗೆ ಆ ಸ್ಥಿತಿಯಲ್ಲೂ ಆಶ್ಚರ್ಯವಾಯಿತು. ಒಬ್ಬರು ಕಾಲೇಜಿನಲ್ಲಿ ಕಲಿತವರು, ಒಬ್ಬರು ಪಡಸಾಲೆಯಲ್ಲಿ ಕಲಿತವರು, ಬೆರಳುಗಳು ಮಾತ್ರ ಒಂದೇ ದಾರಿ ಹಿಡಿದಿದ್ದವು.

ಆಮೇಲೆ ಆಕೆ ಇನ್ನೂ ಹೆಚ್ಚಿನದನ್ನು ನೋಡಿದರು. ಎರಡೂ ಮಣಿಕಟ್ಟಿನ ನಾಡಿಯನ್ನು ಒಟ್ಟಿಗೆ ಹಿಡಿದರು. ಅಂಗೈ ಬಣ್ಣ ಹೋಲಿಸಿದರು. ಕುತ್ತಿಗೆಯ ನರ ಉಬ್ಬಿದೆಯೇ ಅಂತ ನೋಡಿದರು. ಬೆರಳುಗಳಲ್ಲಿ ಜುಮುಜುಮು ಇದೆಯೇ, ಉಸಿರು ಕಟ್ಟಿದಂತೆ ಆಗುತ್ತದೆಯೇ ಅಂತ ಕೇಳಿದರು. ಕೊನೆಗೆ, "ಯಾರಾದರೂ ಎಳೆದರಾ? ತಿಕ್ಕಿದರಾ?" ಅಂದರು.

"ಇಲ್ಲ ಮೇಡಂ. ಎಲುಬು ಕಟ್ಟೋರ ಹತ್ರ ಹೋಗಿದ್ವಿ. ಅವರು ಮುಟ್ಟಂಗಿಲ್ಲ ಅಂದು ನಿಮ್ಮ ಕಡಿ ಕಳಿಸ್ಯಾರ," ಅಂದರು ಯಜಮಾನರು, ಬೈಗುಳಕ್ಕೆ ತಯಾರಾಗಿ.

ಡಾಕ್ಟರು ಬೈಯಲಿಲ್ಲ. "ಅವರು ಯಾರೋ, ಬಹಳ ತಿಳಿದವರು," ಅಂದರು.

ಸ್ಕ್ಯಾನಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಇನ್ನೊಬ್ಬರು ಕೂತಿದ್ದರು. ಬಳ್ಳಾರಿಯವರೇ, ಜೀನ್ಸ್ ಹೊಲಿಯುವ ಕೆಲಸದವರು. ಬೈಕಿನಿಂದ ಬಿದ್ದು ಭುಜ ರೋಡಿಗೆ ಬಡಿದಿತ್ತಂತೆ. ಅವರಿಗೂ ಕೊರಳೆಲುಬಿನ ಕೀಲೇ ತಪ್ಪಿತ್ತು, ಆದರೆ ಭುಜದ ಕಡೆಯ ತುದಿ. ಅಂಗಿಯ ಮೇಲೇ ಕಾಣುತ್ತಿತ್ತು, ಭುಜದ ಮೇಲೊಂದು ಮೆಟ್ಟಿಲು ಎದ್ದ ಹಾಗೆ.

"ನೋಡ್ರಿ ಅಕ್ಕಾರ, ಡಾಕ್ಟರು ಒತ್ತಿದ್ರ ಹಾರ್ಮೋನಿಯಂ ಕೀ ಹಂಗ ಕೆಳಗ ಹೋಗ್ತೈತಿ, ಬಿಟ್ರ ಮ್ಯಾಲ ಬರ್ತೈತಿ," ಅಂದರು. ಎರಡೂ ಕೈಗೆ ತೂಕ ಕಟ್ಟಿ, ನಿಲ್ಲಿಸಿ, ಎರಡೂ ಭುಜದ ಎಕ್ಸ್‌ರೇ ಒಟ್ಟಿಗೆ ತೆಗೆದರಂತೆ. ತೂಕಕ್ಕೆ ಕೈ ಜಗ್ಗಿದಾಗ ಕೀಲು ಎಷ್ಟು ಬಿಟ್ಟಿದೆ ಅಂತ ಗೊತ್ತಾಗುತ್ತದಂತೆ. ಅವರಿಗೆ ಆಪರೇಷನ್ ಬೇಡ, ಕೈಜೋಳಿಗೆ ಸಾಕು ಅಂದಿದ್ದರು. ಖುಷಿಯಲ್ಲಿದ್ದರು. ನನ್ನ ಕೊರಳನ್ನು ಒಂದು ಗಳಿಗೆ ನೋಡಿ, "ನಿಮ್ದು ಏನೂ ಕಾಣವಲ್ದಲ್ರಿ?" ಅಂದರು.

"ಕಾಣದಿರೋದೇ ತ್ರಾಸು ಅಂತ," ಅಂದೆ.

ಸ್ಕ್ಯಾನ್ ಆದ ಮೇಲೆ ಡಾಕ್ಟರು ನಮ್ಮೆಲ್ಲರನ್ನೂ ಒಳಗೆ ಕರೆದು ಕಂಪ್ಯೂಟರಿನ ಪರದೆ ತೋರಿಸಿದರು. "ಸಾದಾ ಎಕ್ಸ್‌ರೇನಲ್ಲಿ ಈ ಜಾಗ ಸರಿಯಾಗಿ ಕಾಣೋದಿಲ್ಲ. ಪಕ್ಕೆಲುಬು, ಬೆನ್ನೆಲುಬು ಎಲ್ಲ ಒಂದರ ಮೇಲೊಂದು ಬೀಳುತ್ತವೆ. ಸ್ಕ್ಯಾನು ಹಾಗಲ್ಲ, ಈರುಳ್ಳಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದ ಹಾಗೆ." ಒಂದು ಬಿಲ್ಲೆಯಲ್ಲಿ ನಿಲ್ಲಿಸಿದರು. ನಡುವೆ ಎದೆಯ ಎಲುಬು. ಅದರ ಒಂದು ಪಕ್ಕಕ್ಕೆ ಎಡ ಕೊರಳೆಲುಬಿನ ತುದಿ, ಚೌಕಟ್ಟಿಗೆ ಬಾಗಿಲು ಕೂತ ಹಾಗೆ ಕೂತಿತ್ತು. ಇನ್ನೊಂದು ಪಕ್ಕದ ತುದಿ ಜಾಗ ಬಿಟ್ಟು ಹಿಂದಕ್ಕೆ ಸರಿದಿತ್ತು. ಅದರ ಹಿಂದೆಯೇ ಒಂದು ಕಪ್ಪು ದುಂಡನೆಯ ಚುಕ್ಕೆ.

"ಆ ಕಪ್ಪಂದು ಏನ್ರಿ?" ಅಂದರು ಅಣ್ಣ.

"ಶ್ವಾಸನಾಳ. ಗಾಳಿ ತುಂಬಿರುತ್ತದಲ್ಲ, ಅದಕ್ಕೆ ಕಪ್ಪಾಗಿ ಕಾಣುತ್ತದೆ. ಎಲುಬು ಅದಕ್ಕೆ ಒತ್ತುತ್ತಿದೆ. ಅದರ ಹಿಂದೆ ಅನ್ನನಾಳ. ಇಲ್ಲಿ ಬೆಳ್ಳಗಿರುವುದು ದೊಡ್ಡ ರಕ್ತನಾಳ, ದೇವರ ದಯೆಯಿಂದ ಅದಕ್ಕೇನೂ ಆಗಿಲ್ಲ."

ಯಜಮಾನರು ಪರದೆಯ ಹತ್ತಿರ ಬಾಗಿ ಆ ಎರಡು ತುದಿಗಳನ್ನು ಬಹಳ ಹೊತ್ತು ನೋಡಿದರು. ಅವರ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಭುಜದ ಪೆಟ್ಟು ಎಲುಬಿನುದ್ದಕ್ಕೂ ಹರಿದು ಈ ತುದಿಯಲ್ಲಿ ಹೊರಬಿದ್ದಿತ್ತು.

ಅದೇ ದಿನ ಮಧ್ಯಾಹ್ನ ಕೂಡಿಸುವುದೆಂದಾಯಿತು. ತಡ ಮಾಡಿದಷ್ಟೂ ಕೂಡಿಸುವುದು ಕಷ್ಟವಂತೆ. ಆಪರೇಷನ್ ಕೋಣೆಯಲ್ಲಿ, ಅರಿವು ತಪ್ಪಿಸುವ ಮದ್ದು ಕೊಟ್ಟು, ಎದೆಯ ಆಪರೇಷನ್ ಮಾಡುವ ಇನ್ನೊಬ್ಬ ಡಾಕ್ಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಬೇಕು ಅಂದರು. ಎಲುಬು ಎಳೆದಾಗ ಹಿಂದಿನ ರಕ್ತನಾಳಕ್ಕೆ ಏನಾದರೂ ಆದರೆ ಕೂಡಲೇ ಎದೆ ತೆರೆಯಬೇಕಾಗುತ್ತದೆ. ಅತ್ತೆ ಹತ್ತಿರ ಬಂದು ನನ್ನ ಹಣೆಯ ಮೇಲಿನ ಕೂದಲು ಸರಿಸಿ, "ಭಯಪಡಕು ಅಮ್ಮಾಯಿ," ಅಂದರು, ಹೆದರಬೇಡ ಅಂತ.

ನನಗೆ ನೆನಪಿರುವುದು ಬೆನ್ನಿನ ಕೆಳಗೆ, ಎರಡು ಹೆಗಲೆಲುಬುಗಳ ನಡುವೆ ಸುತ್ತಿದ ಟವೆಲ್ಲೊಂದನ್ನು ಇಟ್ಟದ್ದು ಮಾತ್ರ. ಮಿಕ್ಕದ್ದನ್ನು ಡಾಕ್ಟರು ಆಮೇಲೆ ಹೇಳಿದರು. ಒಬ್ಬರು ತೋಳನ್ನು ಪಕ್ಕಕ್ಕೆ ಚಾಚಿ ಒಂದೇ ಸಮನೆ ಎಳೆದು ಹಿಡಿದರು, ಮೆಲ್ಲಗೆ ಹಿಂದಕ್ಕೆ ತಂದರು. ಮೊದಲ ಸಲ ಬರಲಿಲ್ಲ. ಎರಡನೇ ಸಲ, ಕೋಣೆಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಸದ್ದಾಗಿ ಎಲುಬು ಮುಂದಕ್ಕೆ ಬಂದು ಜಾಗದಲ್ಲಿ ಕೂತಿತು. ಎದೆಯ ಡಾಕ್ಟರು, "ಹಾಗಾದರೆ ನಾನು ಊಟಕ್ಕೆ ಹೋಗ್ತೀನಿ," ಅಂದು ಗ್ಲೌಸು ತೆಗೆದರಂತೆ. ಅವರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ. ಕೆಲಸವಿಲ್ಲದೆ ಅಷ್ಟು ಹೊತ್ತು ನಿಂತಿದ್ದಕ್ಕೆ ಅವರಿಗೆ ನಾನು ಋಣಿ.

ಎಚ್ಚರವಾದಾಗ ಎರಡೂ ಭುಜಗಳನ್ನು ಹಿಂದಕ್ಕೆ ಜಗ್ಗಿ ಹಿಡಿಯುವ ಪಟ್ಟಿ ಕಟ್ಟಿದ್ದರು, ಸಾಲಿ ಮಕ್ಕಳು ಬ್ಯಾಗು ಹಾಕಿಕೊಂಡ ಹಾಗೆ. ಮರುದಿನ ಗಂಜಿ ಕೊಟ್ಟರು. ಸಲೀಸಾಗಿ ಇಳಿಯಿತು. ಇನ್ನೊಂದು ಲೋಟ ಕೇಳಿದೆ. ಧ್ವನಿ ಮಾತ್ರ ಮೂರು ನಾಲ್ಕು ದಿನ ಸತಾಯಿಸಿ, ಒಂದು ಸಂಜೆ ತಾನಾಗಿಯೇ ಬಂತು. ಪಕ್ಕದ ಮಂಚದವರ ಮಗು ಬಾಗಿಲಾಚೆ ಓಡುತ್ತಿತ್ತು, "ಏ, ನಿಲ್ಲು," ಅಂದೆ. ಮಗು ನಿಂತಿತು. ಇಡೀ ವಾರ್ಡೇ ತಿರುಗಿ ನೋಡಿತು.

ಆರು ವಾರ ಬಲಗೈ ಎತ್ತುವ ಹಾಗಿರಲಿಲ್ಲ. ಮದುವೆಯಾದಾಗಿನಿಂದ ಬೆಳಗಿನ ಜಾವಕ್ಕೇ ಮನೆ ಬಿಡುತ್ತಿದ್ದ ನನಗೆ ನಮ್ಮ ಮನೆಯ ಹತ್ತು ಗಂಟೆ ಹೇಗಿರುತ್ತದೆ ಅಂತಲೇ ಗೊತ್ತಿರಲಿಲ್ಲ. ಬಿಸಿಲು ಅಂಗಳದ ತುಳಸಿಕಟ್ಟೆ ದಾಟಿ ಒಳಗೆ ಬರುತ್ತಿತ್ತು. ಅತ್ತೆ ನನ್ನ ತಲೆ ಬಾಚುತ್ತಿದ್ದರು. ನನ್ನ ಕೂದಲು ಗಂಟುಗಂಟು ಅಂತ ಬೈಯುತ್ತ, ಎಳೆಯುತ್ತ, ಆದೋನಿಯಲ್ಲಿ ತಾವು ಹುಡುಗಿಯಾಗಿದ್ದಾಗಿನ ಕಥೆಗಳನ್ನು ಹೇಳುತ್ತಿದ್ದರು. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದೂ ಅವರಿಗೆ ಒಬ್ಬ ಅಕ್ಕ ಇದ್ದಳು, ಆಕೆ ಚೆನ್ನಾಗಿ ಹಾಡುತ್ತಿದ್ದಳು ಅಂತ ನನಗೆ ಗೊತ್ತಾದದ್ದು ಆಗಲೇ. ಯಜಮಾನರು ರೊಟ್ಟಿ ಬಡಿಯಲು ಕಲಿತರು. ದುಂಡಗೆ ಬರಲಿಲ್ಲ, ಆದರೆ ಉಬ್ಬುತ್ತಿದ್ದವು.

ಅಣ್ಣ ವಾರಕ್ಕೆ ಎರಡು ಸಲ ಬರುತ್ತಿದ್ದರು. ಈಗ ಹೊಸ್ತಿಲು ದಾಟಿ ಒಳಗೇ ಕೂರುತ್ತಿದ್ದರು. ಒಂದು ದಿನ ಚಾ ಕುಡಿಯುತ್ತ, "ಈಗಿನ ಕಂಡಕ್ಟರು ಟಿಕೆಟ್ ಕೊಡೋಮುಂದ ಕಂಬಿಗೆ ಮೊಣಕೈ ಸುತ್ತಿ ನಿಲ್ಲಂಗ ಮಾಡೀನಿ. ಅಲ್ಲೀತನಕ ನಾನು ಗಾಡಿ ತಗಿಯಂಗಿಲ್ಲ," ಅಂದರು.

ಪಟ್ಟಿ ಬಿಚ್ಚಿದ ವಾರ ನಾನೂ ಅತ್ತೆಯೂ ತೆಕ್ಕಲಕೋಟೆಗೆ ಹೋದೆವು. ಒಂದು ಸೀರೆ, ಒಂದು ಕೇಜಿ ಮೈಸೂರುಪಾಕು, ಸ್ಕ್ಯಾನಿನ ಫಿಲ್ಮು. ಅಮ್ಮ ಸೀರೆಯನ್ನು ಪಕ್ಕಕ್ಕಿಟ್ಟು ಫಿಲ್ಮಿಗೇ ಕೈ ಚಾಚಿದರು. ಕಿಟಕಿಯ ಬೆಳಕಿಗೆ ಹಿಡಿದು, ನಾನು ತೋರಿಸಿದಂತೆಲ್ಲ ತಲೆಯಾಡಿಸಿದರು. ಕಪ್ಪು ಚುಕ್ಕೆಯ ಮೇಲೆ ಉಗುರಿಟ್ಟು, "ಇದು ಉಸಿರಿನ ಕೊಳವಿ, ಹೌದಲ್ಲೋ?" ಅಂದರು. ಎಲುಬಿನ ತುದಿ ಎಷ್ಟು ಹಿಂದಕ್ಕೆ ಹೋಗಿ ಅದನ್ನು ಮುಟ್ಟಿತ್ತು ಅಂತ ಬೆರಳಿನಲ್ಲಿ ಅಳೆದು ನೋಡಿದರು.

"ನಿಮಗ ಹೆಂಗ ಗೊತ್ತಾತಮ್ಮ?" ಅಂದೆ.

ಅವರ ಮಾವನವರು ಕಲಿಸಿದ ವಿದ್ಯೆಯಂತೆ. ಒಡೆದ ಮಡಕೆಯ ಚೂರುಗಳನ್ನು ಚೀಲದಲ್ಲಿ ಹಾಕಿ, ಹೊರಗಿನಿಂದ ಮುಟ್ಟುತ್ತಲೇ ಮಡಕೆ ಜೋಡಿಸಬೇಕು. ಕಣ್ಣಿಗೆ ಕೆಲಸವಿಲ್ಲ. ಎರಡು ವರ್ಷ ಬರೀ ಅದನ್ನೇ ಮಾಡಿಸಿದರಂತೆ. "ಆದ್ರ ನಿನ್ನದು ಮಾವ ಕಲಿಸಿದ್ದಲ್ಲ," ಅಂದರು ಅಮ್ಮ. "ನಾನು ಇನ್ನೂ ಹರೇದಾಕಿ ಇದ್ದಾಗ ಒಬ್ಬ ಹಮಾಲ ಬಂದಿದ್ದ. ಮೂಟಿ ಬೆನ್ನ ಮ್ಯಾಲ ಬಿದ್ದಿತ್ತು. ಇದೇ ಕುಣಿ, ಇದೇ ಧ್ವನಿ. ನನಗ ತಿಳೀಲಿಲ್ಲ. ಭುಜ ಹಿಡಿದು ಒಮ್ಮೆ ಒತ್ತಿದೆ. ತುಟಿ ನೀಲಿಗಟ್ಟಿಬಿಡ್ತು. ಎತ್ತಿನ ಗಾಡ್ಯಾಗ ಹಾಕ್ಕೊಂಡು ಓಡಿದ್ವಿ. ಉಳಕೊಂಡ, ಅಲ್ಲಾನ ಪುಣ್ಯ. ಅವತ್ತಿಂದ ಆ ಜಾಗಕ್ಕ ಬೆರಳು ಹೋದ್ರ ಕೈ ತಾನ ಹಿಂದಕ್ಕ ಬರ್ತೈತಿ."

ಅತ್ತೆ ಮೈಸೂರುಪಾಕಿನ ಡಬ್ಬಿ ಬಿಚ್ಚಿ ಅವರ ಕೈಗೊಂದು ಕೊಟ್ಟರು. ಮೂವರೂ ತಿಂದೆವು. ಅಷ್ಟರಲ್ಲಿ ಕಾಲು ಉಳುಕಿಸಿಕೊಂಡ ಒಬ್ಬರು ಕುಂಟುತ್ತ ಬಂದರು, ಅಮ್ಮ ಫಿಲ್ಮನ್ನು ನನ್ನ ಕೈಗೆ ಕೊಟ್ಟು ಎಣ್ಣೆಯ ಗಿಂಡಿ ಎತ್ತಿಕೊಂಡರು.

ಮೂರು ತಿಂಗಳು ಸ್ಟ್ಯಾಂಡಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದರು. ಆಮೇಲೆ ನನ್ನ ಬಸ್ಸಿಗೆ, ನನ್ನ ಅಣ್ಣನ ಜೊತೆಗೆ ವಾಪಸು ಬಂದೆ. ಚಳಿಯ ಬೆಳಿಗ್ಗೆ ಕೈ ಎತ್ತಿದರೆ ಕೀಲು ಸಣ್ಣಗೆ ಕಟಕ್ಕೆನ್ನುತ್ತದೆ. ಕೊನೆಯ ಸಲ ತೋರಿಸಲು ಹೋದಾಗ ಡಾಕ್ಟರು ಎರಡು ಬೆರಳು ನಡೆಸಿ ನೋಡಿ, "ಅದು ಹಾಗೇ ಇರಲಿ, ತೊಂದರೆ ಇಲ್ಲ. ಇನ್ನು ನೀವು ಬರಬೇಕಾಗಿಲ್ಲ," ಅಂದರು.

ಅವತ್ತು ಅತ್ತೆ ಜೊತೆಗಿದ್ದರು. ಹೊರಗೆ ಬಂದಾಗ ಇನ್ನೂ ಒಂಬತ್ತೂವರೆ. ಎದುರಿಗೆ ಬಳ್ಳಾರಿ ಗುಡ್ಡ, ಮೇಲೆ ಕೋಟೆ. ಅತ್ತೆ ನಿಂತು ನೋಡಿ, "ನಲವತ್ತು ವರ್ಷದಿಂದ ಈ ಊರಿಗೆ ಬಂದು ಹೋಗ್ತೀನಿ. ಒಮ್ಮೆನೂ ಹತ್ತಿಲ್ಲ," ಅಂದರು.

"ಹತ್ತೋಣೇನು?"

"ಈ ಮೊಣಕಾಲಿಗೆ?"

"ಎಷ್ಟು ಆಗ್ತೈತೋ ಅಷ್ಟು."

ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಹೊರಟೆವು. ಅತ್ತೆ ಹತ್ತು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದರು. ಅರ್ಧಕ್ಕಿಂತ ಕೆಳಗೇ ಒಂದು ಬಂಡೆಯ ನೆರಳು ಸಿಕ್ಕಿತು, ಅಲ್ಲೇ ಕೂತುಬಿಟ್ಟರು. ಕೆಳಗೆ ಬಳ್ಳಾರಿಯ ತಾರಸಿಗಳು, ಒಣಹಾಕಿದ ಬಟ್ಟೆಗಳು, ನೀಲಿ ಸಿಂಟೆಕ್ಸುಗಳು. ದೂರದಲ್ಲಿ ರೈಲೊಂದು ಸ್ಟೇಷನ್ನಿಗೆ ಬರುತ್ತಿತ್ತು. ಬಂಡೆ ಬಂಡೆಯಾದ ಗುಡ್ಡಕ್ಕೆ ಗಾಳಿ ಬಡಿದು ನಮ್ಮ ಸೆರಗು ನಿಲ್ಲುತ್ತಿರಲಿಲ್ಲ. ಅತ್ತೆ ಪೊಟ್ಟಣ ಬಿಚ್ಚಿ ಮಿರ್ಚಿಯನ್ನು ಎರಡು ಭಾಗ ಮಾಡಿ, ದೊಡ್ಡದನ್ನು ನನಗೆ ಕೊಟ್ಟರು.

"ಮ್ಯಾಲೆ ಏನೈತಿ?" ಅಂದರು.

"ನಾನೂ ನೋಡಿಲ್ಲ ಅತ್ತಿ."

"ಇರ್ಲಿ ಬಿಡು," ಅಂದು ಅವರು ಬಂಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತರು. ನಾನೂ ಪಕ್ಕದಲ್ಲಿ ಕಾಲು ಚಾಚಿದೆ. ಬಿಸಿಲು ನಮ್ಮ ಕಾಲಿನವರೆಗೆ ಬರುವ ತನಕ ಅಲ್ಲೇ ಇದ್ದೆವು.